ಶನಿವಾರದ ಹಾಜರಿ

ಬಣಕಲ್ ಚರ್ಚಿನ ಹಿಂದಿನ ಕೋಣೆ. ಹನ್ನೊಂದು ಮಕ್ಕಳು.
ಇರುವುದೊಂದೇ ಬೆಂಚು, ಮಿಕ್ಕವರು ಚಾಪೆಯ ಮೇಲೆ.
ನೆನ್ನೆ ಶಿಲುಬೆಗೆ ಮುತ್ತಿಟ್ಟ ತುಟಿಗಳಲ್ಲಿ
ಇವತ್ತು ಶೇಂಗಾ ಚಿಕ್ಕಿ.
ಬಲಿಪೀಠದ ಬಟ್ಟೆ ಕಳಚಿದೆ, ಗಂಟೆಯ ಹಗ್ಗ ಮೇಲೆ ಕಟ್ಟಿದೆ,
ಗುರುವಾರದಿಂದ ಮರದ ಗಿಲಕಿಯೇ ಗತಿ.

ನಾನು ಎಸ್ಟೇಟ್ ಡಿಸ್ಪೆನ್ಸರಿಯ ನರ್ಸು.
ಗಾಯ ತೊಳೆಯಲು ಬರುತ್ತದೆ; ಧರ್ಮೋಪದೇಶ
ಪಾದ್ರಿಗಳು ಹೊರಿಸಿದ ಕೆಲಸ.
ಪುಸ್ತಕದಲ್ಲಿರುವುದು ಮೂರೇ ಮಾತು:
ಸತ್ತರು, ಹೂಳಿದರು, ಎದ್ದರು.
ಒಂದೇ ಉಸಿರಿಗೆ ಒಪ್ಪಿಸಿಬಿಟ್ಟರು.
ಗಡಿಯಾರ ನೋಡಿದೆ. ಇನ್ನೂ ಮುಕ್ಕಾಲು ಗಂಟೆ.

"ಟೀಚರ್, ಈಸ್ಟರ್ ಅಂದ್ರೆ ಮೊಲ ಅಲ್ವಾ?
ಟೀವಿಯಲ್ಲಿ ಮೊಲ ಮೊಟ್ಟೆ ತರುತ್ತೆ."
ಯಾವ ಮೊಲವೋ ಮಂಗ, ಎಂದು ಬೈದಳು ಬ್ರಿಜಿತ್ತ.
ಅವರ ಮನೆಯಲ್ಲಿ ಮೊಲ ಸಾಕಿದ್ದಾರೆ, ಅವಳಿಗೆ ಗೊತ್ತು.

ಪುಸ್ತಕ ಮಡಚಿ ಕತೆ ಹೇಳಿದೆ.
ಇನ್ನೂ ಕತ್ತಲು, ಮಸ್ಟರಿಗೂ ಮುಂಚಿನ ಹೊತ್ತು.
ಒಬ್ಬ ಹೆಂಗಸು ಸಮಾಧಿಗೆ ಬಂದರೆ ಕಲ್ಲು ಪಕ್ಕಕ್ಕಿದೆ,
ಒಳಗೆ ಯಾರೂ ಇಲ್ಲ.
ಅಳುತ್ತಾಳೆ. ಹಿಂದೆ ಯಾರೋ ನಿಂತಿದ್ದಾನೆ.
ತೋಟದ ಆಳಿರಬೇಕು ಅಂದುಕೊಳ್ಳುತ್ತಾಳೆ.

"ತೋಟದವರಾ?" ಚಾಪೆ ಇಡೀ ಮುಂದಕ್ಕೆ ಸರಿಯಿತು.
"ಯಾವ ತೋಟ, ಕಾಫಿನಾ?"
"ಕೈಲಿ ಕತ್ತಿ ಇತ್ತಾ?"
"ತಲೆಗೆ ಗೋಣಿ ಹಾಕಿದ್ರಾ?"
"ದಿನಗೂಲಿಯಾ, ಪರ್ಮನೆಂಟಾ?"
ಕೊನೆಯದು ಕೇಳಿದವನು ಲೂರ್ದುರಾಜ, ತಮಾಷೆಗಲ್ಲ.

ಗೊತ್ತಿಲ್ಲ ಕಣೋ, ಅಂದೆ.
ಇಪ್ಪತ್ತು ವರ್ಷ ಕೇಳಿದ ಕತೆ, ಇದು ಹೊಳೆದೇ ಇರಲಿಲ್ಲ:
ದೇವರು ಎದ್ದು ಬಂದ ಬೆಳಿಗ್ಗೆ
ಸಾಹುಕಾರರ ಹಾಗೆ ಕಾಣಲಿಲ್ಲ, ರೈಟರ ಹಾಗೂ ಅಲ್ಲ,
ಉಗುರಲ್ಲಿ ಮಣ್ಣಿರುವವನ ಹಾಗೆ ಕಂಡ.

"ಮತ್ತೆ ಹೆಂಗೆ ಗುರುತು ಸಿಕ್ತು?"
ಹೆಸರು ಕೂಗಿದ. ಅಷ್ಟೇ.
ಮರಿಯಾ, ಅಂದ, ಮನೆಯವರು ಕೂಗುವ ಹಾಗೆ.
ತಿರುಗಿದಳು.

ಕಿಟಕಿಯಾಚೆ, ಹೂಮಳೆ ಬಿದ್ದ ಒಂಬತ್ತನೇ ದಿನ,
ಕಾಫಿ ಗಿಡವೆಲ್ಲ ಬೆಳ್ಳಗೆ. ವಾಸನೆಗೆ ತಲೆ ತಿರುಗುತ್ತಿತ್ತು.
ಒಣಗಿದ ರೆಕ್ಕೆ, ಒಂದು ಮಳೆ, ಒಂದೇ ರಾತ್ರಿಗೆ ಹೂವು,
ನೋಡಿ ಮಕ್ಕಳೇ, ಎಂದು ತೋರಿಸುವ ಯೋಚನೆಯಿತ್ತು.
ತೋರಿಸಲಿಲ್ಲ. ಅಷ್ಟರಲ್ಲಿ
ಗೋಡೆಗೊರಗಿದ್ದ ಸವರಿಮುತ್ತು ಕೈ ಎತ್ತಿದ್ದ.

ಅವನಪ್ಪ ಇನಾಸಪ್ಪ ಮೆಣಸು ಕೊಯ್ಯುವಾಗ
ಸಿಲ್ವರ್ ಮರದ ಏಣಿಯಿಂದ ಬಿದ್ದು
ಆರು ವಾರವೂ ಆಗಿಲ್ಲ.
ಜೀಪು ಬರುವ ತನಕ ತಲೆ ಹಿಡಿದು ಕೂತಿದ್ದವಳು ನಾನೇ.

"ಟೀಚರ್, ಹಾಜರಿ ಹಾಕುವಾಗ
ನಮ್ಮಪ್ಪನ ಹೆಸರೂ ಕೂಗಿ."

ಯಾರೂ ನಗಲಿಲ್ಲ.
ಮೂರನೇ ದಿನ ಎಂಬ ಮಾತು ನಾಲಿಗೆ ತನಕ ಬಂತು, ನುಂಗಿದೆ.
ಅವನ ಲೆಕ್ಕದಲ್ಲಿ ಮೂರನೇ ದಿನ ಬಂದು ಹೋಗಿಯಾಗಿದೆ.
ಕಡೆಯ ದಿನ ಅಂತ ಒಂದಿದೆ, ಸವರಿ,
ಅವತ್ತು ಎಲ್ಲರ ಹೆಸರನ್ನೂ ಆತನೇ ಕೂಗುತ್ತಾನೆ,
ನಿಮ್ಮಪ್ಪನದನ್ನೂ. ಹಾಗಂತ ನಂಬುತ್ತೇವೆ, ಅಂದೆ.
ನನ್ನ ದನಿ ನನಗೇ ತೆಳ್ಳಗೆ ಕೇಳಿಸಿತು.
"ಇವತ್ತು ಕೂಗಿ," ಅಂದ.

ರಿಜಿಸ್ಟರು ತೆಗೆದೆ.
ಬ್ರಿಜಿತ್ತ. ಹಾಜರ್.
ಲೂರ್ದುರಾಜ. ಹಾಜರ್.
ಕೊನೆಗೆ ಸವರಿಮುತ್ತು. ಹಾಜರ್.
ಕೆಳಗಿನ ಗೆರೆಯಲ್ಲಿ ಬರೆದುಕೊಂಡು ಕೂಗಿದೆ:
ಇನಾಸಪ್ಪ.

ಹನ್ನೊಂದು ಮಕ್ಕಳೂ ಬಾಗಿಲ ಕಡೆ ನೋಡಿದರು.
ಕೊಟ್ಟಿಗೆಹಾರದ ರಸ್ತೆಯಲ್ಲಿ ಲಾರಿಯೊಂದು ಗೇರು ಬದಲಿಸಿತು.
ಹೂವಿನ ಮೇಲೆ ಜೇನು.
ಎಷ್ಟು ಹೊತ್ತು ಕಾದೆವೋ.

"ಗೈರು ಹಾಕ್ತೀರಾ?" ಪಿಸುಗುಟ್ಟಿದ ಲೂರ್ದುರಾಜ.
ಇಲ್ಲ, ಅಂದೆ.
ಹೆಸರಿನ ಮುಂದಿನ ಮನೆ ಹಾಗೇ ಖಾಲಿ ಬಿಟ್ಟು
ಪೆನ್ನಿಗೆ ಮುಚ್ಚಳ ಹಾಕಿದೆ.

ರಾತ್ರಿ ಹತ್ತೂವರೆಗೆ ಅಂಗಳದಲ್ಲಿ ಬೆಂಕಿ ಹಚ್ಚುತ್ತಾರೆ,
ಮೇಣದಬತ್ತಿ ತನ್ನಿ, ಸ್ವೆಟರ್ ಮರೀಬೇಡಿ, ಎಂದೆ.
ಎಲ್ಲರೂ ಓಡಿದ ಮೇಲೂ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ
ತಲೆ ಎತ್ತದೆ ಕೇಳಿದ:
"ಮುಂದಿನ ವಾರಾನೂ ಕೂಗ್ತೀರಲ್ಲ?"