ಮೆರೂನ್, ನಂಬರ್ ನಲವತ್ತೇಳು

ಮಿರಜದಿಂದ ಜಮಖಂಡಿತನಕ
ತಂಬೂರಿಗೂ ಅರ್ಧ ಟಿಕೀಟು ಹರಿದ ಕಂಡಕ್ಟರ್
"ಕೂಸು ಅಂತ ತಿಳೀರಿ" ಅಂದ.
ತೊಡಿ ಮ್ಯಾಲ ಕುಂಬಳ, ಕಿಡಕಿಗೆ ಕುತಿಗಿ,
ಹಂಗ ಮಲಗಿಸಿಕೊಂಡು ಬಂದೆ.
ಅಥಣಿ ದಾಟಿದ ಮ್ಯಾಲ
ಕಬ್ಬಿನ ಡಬಲ್ ಟ್ರಾಲಿ ಅಡ್ಡ ಬಂತು.
ಬ್ರೇಕಿಗೆ, ಮುಂದಿನ ಸೀಟಿನ ಸರಳು
ಗವಸಣಿಗೆ ಮ್ಯಾಲಿಂದನ ಬಡೀತು.

ಮನಿಯಾಗ ಬಿಚ್ಚಿ ತಟ್ಟಿದೆ, ಕಿವಿ ಹಚ್ಚಿದೆ.
ಸೀಳಿಲ್ಲ.
ರೂಪಾಯಿಯಷ್ಟು ಅಗಲ ಅರಗು ಎದ್ದು
ಒಳಗಿನ ಬಿಳಚು ತೊಗಲು ಕಾಣತಿತ್ತು.
ಮೂರು ವರ್ಷ ಭಿಶಿ ತುಂಬಿ ತಂದದ್ದು,
ಮನಿ ಮುಟ್ಟಿ ತಾಸು ಆಗಿರಲಿಲ್ಲ.

ಮಿರಜಕ್ಕ ಫೋನ್ ಹಚ್ಚಿದೆ. ಮಾಡಿಕೊಟ್ಟ ಚಾಚಾ
ಊಟ ಮಾಡಕೋತನ ಕೇಳಿದರು:
"ಆವಾಜ್ ಬರಾಬರ್ ಅದನೋ ಇಲ್ಲೋ?"
ಅದ.
"ಮತ್ಯಾಕ ಅಳತೀರಿ?"
ಅಳತಿದ್ದಿಲ್ಲ ನಾನು. ನೆಗಡಿ ಆಗಿತ್ತು.

ಉದುರಿದ ಚಕ್ಕಿ ಆ ಅರ್ಧ ಟಿಕೀಟಿನ್ಯಾಗ ಸುತ್ತಿಕೊಂಡು
ಶಮಾ ಅತ್ತಾರಳ ಬಳಿ ಅಂಗಡಿಗೆ ಹೋದೆ.
"ಉಗುರಿನ ಬಣ್ಣ ಬೇಕವಾ, ಇದರಂಥಾದ್ದು."
"ಸೀರಿ ಯಾವ್ದು?"
"ಸೀರಿಗಲ್ಲ. ಕುಂಬಳಕಾಯಿಗೆ."
ಆಕಿ ನಗಲಿಲ್ಲ. ಡಬ್ಬಿ ಇಳಿಸಿದಳು.
ನನ್ನ ಬಲಗೈ ಹಿಡಿದು
ಹೆಬ್ಬೆರಳಿಗೆ ಚಹಾದ ಗಸಿ, ತೋರುಬೆರಳಿಗೆ ಖರ್ಜೂರ,
ನಡುಬೆರಳಿಗೆ ಬೆಲ್ಲ, ಮುಂದಿನದಕ್ಕ ಸುಟ್ಟ ಇಟ್ಟಂಗಿ
ಯಾವುದೂ ಚಕ್ಕಿಗೆ ಕೂಡವಲ್ಲದು.
ನನ್ನ ಹತ್ತೂ ತೀರಿದ ಮ್ಯಾಲ ತನ್ನ ಕೈ ಚಾಚಿದಳು.
ಆಕಿಯ ಕಿರುಬೆರಳಿನ್ಯಾಗ ಸಿಕ್ಕಿತು:
ಮೆರೂನ್, ನಂಬರ್ ನಲವತ್ತೇಳು, ಮೂವತ್ತು ರೂಪಾಯಿ.

ರಾತ್ರಿ ಉಸಿರು ಹಿಡಿದು ಎರಡು ಕೋಟು.
ಬೆಳಿಗ್ಗಿ ನೋಡಿದರ
ಬಣ್ಣ ಕೂಡಿತ್ತು ಖರೇ, ಹೊಳಪು ಕೂಡಿರಲಿಲ್ಲ.
ಸುತ್ತೆಲ್ಲ ಮಂದ, ಅದೊಂದು ಚುಕ್ಕಿ ಮಾತ್ರ
ಈಗಷ್ಟ ಯಾರೋ ನೆಕ್ಕಿದಂಗ.

ಎಂಟರ ಕ್ಲಾಸಿಗೆ ಹಂಚಿನಾಳರ ಹುಡುಗ ಬಂದ.
ಕಲೆ ನನ್ನ ಕಡೆ ತಿರುಗಿಸಿಕೊಂಡು ಕೂತೆ.
ಅಂವ ತಂಬೂರಿ ನೋಡಲೇ ಇಲ್ಲ.
"ಟೀಚರ, ಉಗುರಿಗೇನಾತ್ರಿ?"
ತಗಿಯೋ ನೀರು ಕೊಳ್ಳೋದು ಮರ್ತಿದ್ದೆ.

"ಸಾ ಹಿಡಿ" ಅಂದು ಮೀಟಿದೆ.
ಪಂಚಮಕ್ಕ ಬೆಲ್ಲ,
ಉಳಿದ ಮೂರಕ್ಕೂ ಖರ್ಜೂರ, ಖರ್ಜೂರ, ಖರ್ಜೂರ,
ಮತ್ತ ಬೆಲ್ಲ.
ಹುಡುಗ ಅದನ್ನ ನೋಡಕೋತ
ಸಾ ತಪ್ಪಿದ.