ಹಳದಿ ಚೀಟಿ

ಬೆಳಗಿನ ಐದೂ ನಲವತ್ತು. ಓರ್ವಿಲ್ ಇನ್ನೂ ಬಂದಿಲ್ಲ.
ಗಾಳಿ ಪಾರಿಯಾ ಕೊಲ್ಲಿಯ ಕಡೆಗೆ;
ಕಂಬದ ತುದಿಯ ಗಾಳಿಚೀಲ ಅರ್ಧ ತುಂಬಿ
ಅರ್ಧ ಜೋತಿದೆ, ಕೈ ತೂರಿಸದ ಅಂಗಿತೋಳಿನ ಹಾಗೆ.

ಈ ರಾತ್ರಿ ಪರದೆಯ ಮೇಲೆ ನೂರಾ ಹನ್ನೆರಡು ಅಲಾರ್ಮು.
ಒಂದೊಂದಕ್ಕೂ ಗೊತ್ತಾಯ್ತು ಎಂದು ಒತ್ತಿದ್ದೇನೆ.
ಗೊತ್ತಾದದ್ದೆಷ್ಟು ಎಂದು ಮಾತ್ರ ಕೇಳಬೇಡ.
ಅಳುವ ಮಗುವಿನ ಬಾಯಿಗೆ ಬೆರಳಿಟ್ಟ ಹಾಗೆ;
ಹಸಿವೋ ಹೊಟ್ಟೆನೋವೋ ಯಾರು ನೋಡಿದರು.

ಇಪ್ಪತ್ತಾರು ವರ್ಷ ಅಮೋನಿಯದ ಜೊತೆ ಸಂಸಾರ.
ಅದು ಒಳ್ಳೆಯದು, ಓರ್ವಿಲ್,
ಒಳಗೆ ಬರುವ ಮೊದಲು ಬಾಗಿಲು ಬಡಿಯುತ್ತದೆ
ಮೂಗಿನಲ್ಲಿ, ಕಣ್ಣಿನಲ್ಲಿ.
ನಾಳೆ ನೋಡೋಣ ಎಂಬುದಕ್ಕೆ ವಾಸನೆಯಿಲ್ಲ.

ಎರಡು ಗಂಟೆಗೆ ಪರದೆಯ ಮುಂದೆ ಕೆಸ್ಟರನನ್ನು ಕೂರಿಸಿ
ಟಾರ್ಚು ಹಿಡಿದು ಸುತ್ತಿಗೆ ಹೋದೆ.
ಮೂರನೇ ಪಂಪಿನ ತುಟಿಯಲ್ಲಿ ಒಂದು ಹನಿ ಎಣ್ಣೆ.
ಒರೆಸಿದೆ. ಹದಿನೇಳು ಎಣಿಸುವಷ್ಟರಲ್ಲಿ ಇನ್ನೊಂದು. ಬರೆದುಕೊಂಡೆ.
ಏಣಿಯ ನಾಲ್ಕನೇ ಮೆಟ್ಟಿಲು ಅಲುಗುತ್ತದೆ, ಅದನ್ನೂ.
ಆಮೇಲೆ ಸೆಪರೇಟರಿನ ಹಿಂದೆ
ಪೈಪಿಗೂ ಗೋಡೆಗೂ ನಡುವೆ
ಹುರಿಯಲ್ಲಿ ತೂಗುತ್ತಿತ್ತು, ಬಿಸಿಲಿಗೆ ಮೊಸರಿನ ಬಣ್ಣಕ್ಕೆ ತಿರುಗಿದ
ಒಂದು ಹಳದಿ ಚೀಟಿ.

ದ್ರವ ಏರಿದರೆ ಕಂಪ್ರೆಸರನ್ನು ತಾನೇ ನಿಲ್ಲಿಸುವ ಕಾವಲು,
ಅದನ್ನು ಮಲಗಿಸಿದೆ ಎಂದು ಒಕ್ಕಣೆ.
ಕಾರಣ: ಸುಮ್ಮಸುಮ್ಮನೆ ನಿಲ್ಲಿಸುತ್ತಿದೆ.
ಅವಧಿ: ಎರಡು ದಿನ.
ತಾರೀಖು: ಹೋದ ವರ್ಷದ ಕಾರ್ನಿವಲ್ಲಿನ ಹಿಂದಿನ ಶುಕ್ರವಾರ.

ಬಾಯಿಗೆ ಬಂದಷ್ಟು ಬೈದೆ, ಕತ್ತಲಲ್ಲಿ, ಒಬ್ಬಳೇ.
ಯಾವ ಕತ್ತೆ, ಯಾವ ಶಿಫ್ಟು, ಹಬ್ಬದ ಆತುರದಲ್ಲಿ ಯಾರ ಕೈ?
ಟಾರ್ಚು ತಿರುಗಿಸಿದೆ.
ಡಿ. ಬಾಲ್‌ಗೋಬಿನ್.
ಆ 'ಡಿ'ಯ ಚಾಚಿದ ಹೊಟ್ಟೆ ನನ್ನದೇ.

ನೆನಪೇ ಇಲ್ಲ. ಅದೇ ಹೊಟ್ಟೆಯಲ್ಲಿ ಕಲಸುತ್ತಿರುವುದು.
ಆ ಸಂಜೆ ಸೊಸೆಯ ಉಡುಪಿಗೆ ಗುಲಾಬಿ ಗರಿ ಹೊಲಿದದ್ದು,
ನೂರಾ ನಲವತ್ತು ಗರಿ, ಅದು ನೆನಪಿದೆ.

ಹನ್ನೊಂದು ತಿಂಗಳು ಇದರ ಪಕ್ಕದಲ್ಲೇ ನಡೆದಿದ್ದೇವೆ
ನೀನು, ನಾನು, ಕೆಸ್ಟರ್, ಹೊಸ ಬಿಳಿ ಹೆಲ್ಮೆಟ್ಟಿನ ಆಡಿಟರು.
ಗೇಟಿನ ಬೋರ್ಡು ದಿನಾ ಏರಿತು:
ಅಪಘಾತವಿಲ್ಲದ ದಿನ ಆರುನೂರ ಮೂರು, ಆರುನೂರ ನಾಲ್ಕು.
ಬೋರ್ಡಿಗೇನು, ಅದಕ್ಕೆ ಮೇಲಕ್ಕೆ ಎಣಿಸುವುದೊಂದೇ ಗೊತ್ತು.
ಕುಂಬಾರನಿಗೆ ವರುಷ ಅನ್ನುತ್ತಾರಲ್ಲ,
ದೊಣ್ಣೆ ಅಷ್ಟೂ ದಿನ ಮೂಲೆಯಲ್ಲಿತ್ತು
ನಮ್ಮ ಜೊತೆ ಚಹಾ ಕುಡಿಯುತ್ತಾ.

ಬಂದೆಯಾ. ಡಬಲ್ಸ್ ತಂದಿದ್ದೀಯಾ, ತಣ್ಣಗಾಗಲಿ.
ರುಜು ಹಾಕುವ ಮೊದಲು ನನ್ನ ಜೊತೆ ಆ ಗೋಡೆಯ ಹಿಂದೆ ಬಾ.
ಇನ್‌ಸ್ಟ್ರುಮೆಂಟಿನವನು ಏಳಕ್ಕೆ ಬರುತ್ತಾನೆ. ಗೊಣಗಿದ. ಗೊಣಗಲಿ.
ಲೋಡು ಇಳಿಸಿದ್ದೇನೆಂದು ಮ್ಯಾನೇಜರಿಗೂ ಫೋನು ಮಾಡಿದೆ.
ಎಷ್ಟು ಟನ್ನು ನಷ್ಟ ಎಂದರು. ಹೇಳಿದೆ.
ಯಾರ ರುಜು ಎಂದರು.
ಅದನ್ನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

ಲಾಗ್ ಪುಸ್ತಕದಲ್ಲಿ ಎಂದಿನಂತೆ
ವಿಶೇಷವೇನಿಲ್ಲ ಎಂದು ಬರೆದೇಬಿಟ್ಟಿತ್ತು ಕೈ.
ಹೊಡೆದುಹಾಕಿ ಕೆಳಗೆ ಬರೆದಿದ್ದೇನೆ, ಒಂದೂವರೆ ಪುಟ.
ನನ್ನ ಅಕ್ಷರ ಕೆಟ್ಟದ್ದು.
ಜೋರಾಗಿ ಓದು.