ಬುಧವಾರದ ರಕ್ತ

ನಾಲ್ಕು ವಾರಕ್ಕೊಂದು ಬುಧವಾರ
ಸಂಗಮೇಶನ ಎಡತೋಳಿನಿಂದ ಒಂದು ಪುಟ್ಟ ಸೀಸೆ ರಕ್ತ.
ಬಿಳಿಕಣಗಳ ಲೆಕ್ಕ ಸರಿಬಂದರೆ ಹಸಿರು,
ಹಸಿರಾದರೆ ಮಾತ್ರ ಮುಂದಿನ ಗುಳಿಗೆ.
ಸ್ವಾನ್ಸಿಯ ಈ ಏರುಬೀದಿಯಲ್ಲಿ
ನನ್ನ ಪಂಚಾಂಗ ಇಷ್ಟೇ:
ಹಸಿರು, ಹಸಿರು, ಒಮ್ಮೆ ಹಳದಿ, ಮತ್ತೆ ಹಸಿರು.
ಹಳದಿ ಬಂದ ವಾರ ಏನು ಉಂಡೆನೋ ನೆನಪಿಲ್ಲ.

ಮೊದಲ ಸಲ ಡಾಕ್ಟರು ಕೇಳಿದ್ದರು,
ಆ ದನಿಗಳು ಯಾವ ಭಾಷೆ ಆಡುತ್ತವೆ?
ಅವನು ನನ್ನ ಕಡೆ ನೋಡಿದ.
ಕನ್ನಡ, ಅಂದೆ.
ಹೇಳದೆ ಬಿಟ್ಟದ್ದು: ಬರೀ ಕನ್ನಡವಲ್ಲ,
ಗದಗಿನದು, ತೀರಿಹೋದ ನಮ್ಮ ಸೋದರಮಾವನದು,
‘ಏಳಲೇ, ಎಷ್ಟೊತ್ತ ಮಲಗ್ತಿ, ಅಕ್ಕನ ಕೂಳ ತಿಂದು.’
ಹದಿನೈದು ವರ್ಷದಿಂದ ಈ ಮನೆಯೊಳಗೆ
ನಮ್ಮೂರ ಮಾತನ್ನು ಅಷ್ಟು ಚೊಕ್ಕ ಆಡುವವರು
ಅವನ ಕಿವಿಯಲ್ಲಿರುವವರೇ.
ನನಗೆ ಒಮ್ಮೊಮ್ಮೆ, ಯಾರಿಗೂ ಹೇಳಬೇಡಿ,
ಹೊಟ್ಟೆಕಿಚ್ಚಾಗುತ್ತದೆ.

ಆ ಚಳಿಗಾಲ ಅವನು
ಚಾವಣಿಯ ಹೊಗೆಗಂಟೆ ಬಿಚ್ಚಿ
ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟ.
ಟೀವಿಗೆ ನನ್ನ ಇಳಕಲ್ ಸೀರೆ ಸುತ್ತಿದ.
ರೊಟ್ಟಿಯಲ್ಲಿ ವಿಷವಿಲ್ಲ ಎಂದು
ಮೊದಲ ತುತ್ತು ನಾನು ತಿಂದು ತೋರಿಸಬೇಕು,
ಎರಡನೆಯದೂ, ಮೂರನೆಯದೂ.
ಅವನು ಸೊರಗಿದ, ನಾನು ಊದಿದೆ.

ಫೋನು ಮಾಡಿ ಕರೆಸಿದ್ದು ನಾನೇ.
ಬೂಟು ಬಿಚ್ಚಿಡಲೇ ಎಂದು ಹೊಸ್ತಿಲಲ್ಲಿ ಕೇಳಿದಳು
ಪೊಲೀಸಿನ ಹುಡುಗಿ, ಯಾರೋ ಕಲಿಸಿದ ಮರ್ಯಾದೆ.
ಬೇಡ, ಬಾ, ಅಂದೆ.
ಅವನು ಬರಿಗಾಲಲ್ಲಿ ಹೊರಟ. ಅವನ ಚಪ್ಪಲಿ ಹಿಡಿದು
ಗಾಡಿಯ ಹಿಂದೆ ಗೇಟಿನತನಕ ಓಡಿದೆ.
ಅಕ್ಕಪಕ್ಕದ ಪರದೆಗಳು ಸರಿದು
ಮತ್ತೆ ಮುಚ್ಚಿಕೊಂಡವು.

ಇವನು ಸತ್ತುಹೋದರೆ ಎಂದು
ಒಮ್ಮೆ ಎಣಿಸಿದ್ದೇನೆ, ಬಸ್ಸಿನಲ್ಲಿ.
ಎಚ್ಚರವಾದಾಗ ಇಳಿಯುವ ನಿಲ್ದಾಣ
ಎರಡು ಹಿಂದೆ ಉಳಿದಿತ್ತು.
ಮಳೆಯಲ್ಲೇ ನಡೆದು ಬಂದೆ.

ಈಗ ಅವನು ಮನೆಯಲ್ಲಿದ್ದಾನೆ.
ರಾತ್ರಿಯಿಡೀ ಜೊಲ್ಲು, ಗುಳಿಗೆಯ ದೆಸೆಯಿಂದ.
ಬೆಳಗಾದರೆ ರೇಡಿಯೇಟರಿನ ಮೇಲೆ
ದಿಂಬಿನ ಗವಸು ಸಾಲಾಗಿ.

ದೃಷ್ಟಿ ತೆಗೀ, ಅಂತ ಅವ್ವ ಫೋನಿನಲ್ಲಿ.
ಆಯ್ತವ್ವಾ, ಅಂದು ಒಂದಿನ
ಉಪ್ಪು, ಐದು ಬ್ಯಾಡಗಿ ಮೆಣಸಿನಕಾಯಿ ನಿವಾಳಿಸಿ
ಗ್ಯಾಸಿನ ಮೇಲಿಟ್ಟೆ.
ಮತ್ತೆ ಚಾವಣಿಗೇರಿದ್ದ ಹೊಗೆಗಂಟೆ
ಮನೆ ಕಿತ್ತುಹೋಗುವಂತೆ ಕಿರುಚಿತು.
ಕೆಮ್ಮುತ್ತ, ಕಣ್ಣೊರೆಸುತ್ತ, ಮೆಟ್ಟಿಲ ಮೇಲೆ ನಿಂತು
ಕೇಳಿದ:
‘ಅಕ್ಕಾ, ಇದು ನಿನಗೂ ಕೇಳ್ಸಾಕತ್ತೈತೇನು?’
ಕೇಳಸ್ತದೋ ಸಂಗೂ. ಕೇಳಸ್ತದ.
ಇಬ್ಬರೂ ನಕ್ಕೆವು, ಟವೆಲು ಬೀಸಿ ಬೀಸಿ.
ಎರಡು ವರ್ಷದ ಮೇಲೆ.
ಘಾಟು ಬಂತವ್ವಾ, ಅಂತ ತಿಳಿಸಿದೆ ಆಮೇಲೆ,
ಅಂದರೆ ದೃಷ್ಟಿಯಾಗಿಲ್ಲ.
ಯಾರನ್ನು ಬೈಯಬೇಕೋ ಗೊತ್ತಾಗದೆ
ಅವ್ವ ಸುಮ್ಮನಾದಳು.

ಇವತ್ತು ಬುಧವಾರ. ಹಸಿರು.
ವಾಪಸು ಬರುವ ದಾರಿಯಲ್ಲಿ, ಡಾಂಬರಿನ ಮೇಲೆ
ಬಿಳಿ ಬಣ್ಣದಲ್ಲಿ ವೆಲ್ಷ್ ಮಾತು: ಆರವ್.
ನಿಧಾನ ಅಂತ ಅರ್ಥ.
ಅವನದನ್ನು ಆರಾಮ ಎಂದು ಓದುತ್ತಾನೆ. ತಿದ್ದಿಲ್ಲ ನಾನು.
ಅರ್ಧ ಏರಿಗೆ ಬೆಂಚು. ಕೆಳಗೆ ಬೂದಿ ಬಣ್ಣದ ಕಡಲು.
ಮೈಭಾರ ಇಳಿಸಿ ಕೂತು ಉಸಿರು ಹಿಡಿದು ಹೇಳಿದ,
‘ಮಾವ ಇವತ್ತ ಬೈಯಾಕತ್ತಿಲ್ಲ. ಸುಮ್ಮನ ಕುಂತಾನ.’
ಹಂಗಾರ ನಾವ ಮಾತಾಡೂಣು, ಅಂದೆ.
ರಾತ್ರಿಗೆ ಏನ್ ಮಾಡ್ಲಿ?
‘ಝುಣಕ,’ ಎಂದ. ಒಂದು ಗಳಿಗೆ ಬಿಟ್ಟು,
‘ಬಳ್ಳೊಳ್ಳಿ ಜಾಸ್ತಿ ಇರ್ಲಿ ಅಂತ.’
ಯಾರಂದದ್ದು ಎಂದು
ನಾನು ಕೇಳಲಿಲ್ಲ.